ಅಲ್ಝೈಮರ್ ಮತ್ತು ಅಮಿಲಾಯ್ಡ್ ಸ್ಕ್ಯಾನ್: ತಿಳಿದಿರಬೇಕಾದ ಸಂಗತಿಗಳು

"ಅರವತ್ತಕ್ಕೆ ಅರಳುಮರಳು" ಎಂಬ ಮಾತಿನಿಂದ ಎಷ್ಟೋ ಮನೆಗಳಲ್ಲಿ ಕಾಯಿಲೆಯೊಂದು ಕಾಯಿಲೆ ಎಂದೇ ಗುರುತಾಗುವುದಿಲ್ಲ. ದಿನದ ಕೆಲಸಕ್ಕೆ ಅಡ್ಡಿಯಾಗುವಷ್ಟು ಮರೆವು ವಯಸ್ಸಿನ ಸಹಜ ಲಕ್ಷಣವಲ್ಲ. 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ, ಭಾರತದಲ್ಲಿ 60 ದಾಟಿದವರ ಪೈಕಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ. ಇದಕ್ಕೆ ಮುಖ್ಯ ಕಾರಣ ಅಲ್ಝೈಮರ್ ಕಾಯಿಲೆ.

ಪ್ಲೇಕ್ ಎಂದರೇನು?

1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಅಲ್ಝೈಮರ್, ಮರೆವಿನಿಂದ ಬಳಲಿ ತೀರಿಕೊಂಡ ಮಹಿಳೆಯೊಬ್ಬರ ಮಿದುಳಿನಲ್ಲಿ ಕಂಡ ಬದಲಾವಣೆಗಳನ್ನು ವಿವರಿಸಿದರು. ನರಕೋಶಗಳ ನಡುವೆ ಬೀಟಾ ಅಮಿಲಾಯ್ಡ್ ಎಂಬ ಪ್ರೋಟೀನು ಗಟ್ಟಿಯಾಗಿ ಕೂತಿರುವುದೇ ಪ್ಲೇಕ್. ಸುಮಾರು ನೂರು ವರ್ಷ ಇದನ್ನು ಖಚಿತವಾಗಿ ನೋಡುತ್ತಿದ್ದುದು ಹೆಚ್ಚಾಗಿ ಮರಣದ ನಂತರವೇ.

ಸ್ಕ್ಯಾನ್ ಹೇಗೆ?

ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ವಿಲಿಯಂ ಕ್ಲಂಕ್ ಮತ್ತು ಚೆಸ್ಟರ್ ಮ್ಯಾಥಿಸ್, ಪ್ಲೇಕಿಗೆ ಅಂಟುವ ಬಣ್ಣವೊಂದನ್ನು ಮಾರ್ಪಡಿಸಿ ಮಿದುಳಿನೊಳಗೆ ಹೋಗುವಂತೆ ಮಾಡಿದರು. ಅದಕ್ಕೆ ವಿಕಿರಣ ಸೂಸುವ ಇಂಗಾಲ-11 ಸೇರಿಸಿ ರಕ್ತನಾಳಕ್ಕೆ ಚುಚ್ಚಿದರೆ, ಪ್ಲೇಕ್ ಇರುವ ಜಾಗ ಪೆಟ್ ಸ್ಕ್ಯಾನಿನಲ್ಲಿ ಕಾಣುತ್ತದೆ. ಮನುಷ್ಯರಲ್ಲಿ ಇದರ ಮೊದಲ ಪ್ರಯೋಗ 2002ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ನಡೆಯಿತು. 16 ರೋಗಿಗಳ ವರದಿ 2004ರಲ್ಲಿ ಬಂತು. ಇಂಗಾಲ-11 ಪ್ರತಿ 20 ನಿಮಿಷಕ್ಕೆ ಅರ್ಧವಾಗುವುದರಿಂದ ಅದನ್ನು ಆಸ್ಪತ್ರೆಯ ಬಳಿಯೇ ತಯಾರಿಸಬೇಕು. ಫ್ಲೋರಿನ್-18 ಅರ್ಧವಾಗಲು ಸುಮಾರು 110 ನಿಮಿಷ ಬೇಕು. ಬೇರೆ ಊರಿಗೂ ಸಾಗಿಸಬಹುದು. ಅದನ್ನು ಬಳಸುವ ಫ್ಲೋರ್‌ಬೆಟಾಪಿರ್‌ಗೆ 2012ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಬೆಳವಣಿಗೆ ಬಲು ನಿಧಾನ

ಒಬ್ಬರನ್ನೇ ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಸ್ಕ್ಯಾನ್ ಮಾಡಿದ ಆಸ್ಟ್ರೇಲಿಯಾದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಪ್ಲೇಕ್ ಅಸಹಜ ಮಟ್ಟ ಮುಟ್ಟಿದ ಮೇಲೆ ರೋಗಿಗಳಲ್ಲಿ ಕಾಣುವ ಪ್ರಮಾಣಕ್ಕೆ ಬೆಳೆಯಲು ಸುಮಾರು 19 ವರ್ಷ ಹಿಡಿಯುತ್ತದೆ ಎಂದು ಅದು ಅಂದಾಜಿಸಿತು. ಕಾಯಿಲೆ ಬಲಿತ ಮೇಲೆ ಈ ಬೆಳವಣಿಗೆ ಕುಂಠಿತವಾಗುತ್ತದೆ. ಹೀಗಾಗಿ ಮರೆವು ಎಷ್ಟು ತೀವ್ರ ಎಂಬುದನ್ನು ಈ ಸ್ಕ್ಯಾನ್ ಹೇಳುವುದಿಲ್ಲ.

ಫಲಿತಾಂಶ ಓದುವುದು ಹೇಗೆ?

ನೆನಪು ಚೆನ್ನಾಗಿರುವ ಹಿರಿಯರಲ್ಲೂ ಪ್ಲೇಕ್ ಇರಬಹುದು. ಪ್ಲೇಕ್ ಕಂಡ ಮಾತ್ರಕ್ಕೆ ಡಿಮೆನ್ಷಿಯಾ ಎಂದಲ್ಲ. ಕಾಣದಿದ್ದರೆ ಮರೆವಿಗೆ ಅಲ್ಝೈಮರ್ ಕಾರಣವಾಗಿರುವ ಸಾಧ್ಯತೆ ಕಡಿಮೆ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಗಳಿಂದಲೂ ಮರೆವು ಬರುತ್ತದೆ. ಇವಕ್ಕೆ ಚಿಕಿತ್ಸೆ ಇದೆ, ಆದ್ದರಿಂದ ಮೊದಲು ಇವನ್ನು ಪರೀಕ್ಷಿಸಬೇಕು.

ಪರೀಕ್ಷೆ ಯಾವ ಭಾಷೆಯಲ್ಲಿ?

ಸ್ಕ್ಯಾನಿಗೆ ಭಾಷೆಯ ಹಂಗಿಲ್ಲ, ನೆನಪಿನ ಪರೀಕ್ಷೆಗೆ ಇದೆ. ವೆಳ್ಳಕೋಯಿಲ್, ಕಾಂಗೇಯಂ ಕಡೆಯ ಕನ್ನಡ ಮನೆಗಳ ಹಿರಿಯರು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತಮಿಳು ಆಡಿದವರು. ತಮಿಳಿನಲ್ಲಷ್ಟೇ ಕೇಳಿದರೆ ಉತ್ತರ ತಡವಾಗಬಹುದು, ತಪ್ಪಬಹುದು. ಮನೆಮಾತು ಯಾವುದು, ಎಷ್ಟು ಓದಿದ್ದಾರೆ ಎಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಿ. ಕನ್ನಡ ಬಲ್ಲವರೊಬ್ಬರು ಜೊತೆಗಿರಲಿ. ಗಡಿಭಾಗದ ಹಿರಿಯರ ಬಗ್ಗೆ ಅಧ್ಯಯನವೂ ನಡೆದಿದೆ: ಕನ್ನಡ, ತೆಲುಗು ಎರಡೂ ಬಳಕೆಯಲ್ಲಿರುವ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು 45 ದಾಟಿದವರ ನೆನಪು, ರಕ್ತ, ಎಂಆರ್‌ಐ ಪರೀಕ್ಷೆಗಳನ್ನು ವರ್ಷಗಳ ಕಾಲ ಗಮನಿಸುತ್ತಿದೆ.

ಸ್ಕ್ಯಾನಿಗೆ ಮುನ್ನ ಕೇಳಿ

1. ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತದೆಯೇ? ಪ್ಲೇಕ್ ಕರಗಿಸುವ ಲೆಕನೆಮ್ಯಾಬ್‌ನಂಥ ಔಷಧಗಳು ಆರಂಭದ ಹಂತಕ್ಕೆ ಮಾತ್ರ. ಅವು ಕಾಯಿಲೆಯನ್ನು ತುಸು ನಿಧಾನಗೊಳಿಸುತ್ತವೆ, ಗುಣಪಡಿಸುವುದಿಲ್ಲ. ಮಿದುಳಿನ ಊತ, ರಕ್ತಸ್ರಾವದ ಅಪಾಯವೂ ಇದೆ.
2. ಇದು ಅಮಿಲಾಯ್ಡ್ ಸ್ಕ್ಯಾನೇ? ಕ್ಯಾನ್ಸರಿಗೆ ಸಾಮಾನ್ಯವಾಗಿ ಮಾಡುವ ಪೆಟ್ ಸ್ಕ್ಯಾನಿನಲ್ಲಿ ಬಳಸುವುದು ಗ್ಲೂಕೋಸ್ ಮಾದರಿಯ ಔಷಧ. ಅದರಲ್ಲಿ ಪ್ಲೇಕ್ ಕಾಣದು.
3. ಒಟ್ಟು ಖರ್ಚೆಷ್ಟು?

ಹಿರಿಯ ನಾಗರಿಕರ ಉಚಿತ ರಾಷ್ಟ್ರೀಯ ಸಹಾಯವಾಣಿ: 14567. ಮಾನಸಿಕ ಆರೋಗ್ಯ ಸಲಹೆಗೆ ಟೆಲಿ ಮಾನಸ್: 14416. ನೋಡಿಕೊಳ್ಳುವವರು ದಣಿದಾಗಲೂ ಈ ಸಂಖ್ಯೆಗೆ ಕರೆ ಮಾಡಬಹುದು.