ಲ್ಯಾಪ್‌ಟಾಪ್ ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದು ಹೇಗೆ?

ಊರಿಗೆ ಹೊರಡುವ ಮುನ್ನ ಹಳೆ ಲ್ಯಾಪ್‌ಟಾಪ್ ಮಾರುವವರಿಗೂ, ಸೆಕೆಂಡ್ ಹ್ಯಾಂಡ್ ಕೊಂಡವರಿಗೂ, ವೈರಸ್ ಹೊಡೆದು ನಿಧಾನವಾದ ಮಷೀನ್ ಇಟ್ಟುಕೊಂಡವರಿಗೂ ಸಿಗುವ ಸಲಹೆ ಒಂದೇ: 'ಫಾರ್ಮ್ಯಾಟ್ ಮಾಡಿಸಿ'. ಅಂದರೆ ಡಿಸ್ಕ್‌ನಲ್ಲಿರುವುದನ್ನೆಲ್ಲ ಅಳಿಸಿ ವಿಂಡೋಸ್ ಅನ್ನು ಮೊದಲಿನಿಂದ ಹಾಕುವುದು. ಕೆಲಸ ಕಷ್ಟದ್ದಲ್ಲ, ಒಂದು ರಜಾ ದಿನ ಸಾಕು. ಎಡವೋದು ಮಾತ್ರ ಅಳಿಸುವ ಮೊದಲೇ.

ಬ್ಯಾಕಪ್: 'ಡಿ' ಡ್ರೈವ್ ನಂಬಬೇಡಿ

ಮಕ್ಕಳ ಫೋಟೋ, ಪಾಸ್‌ಪೋರ್ಟ್ ಮತ್ತು ವೀಸಾ ಕಾಪಿ, ಮಾರ್ಕ್ಸ್ ಕಾರ್ಡ್ ಎಲ್ಲವನ್ನೂ 'ಡಿ' ಡ್ರೈವ್‌ಗೆ ಹಾಕಿ ನಿಶ್ಚಿಂತೆಯಿಂದ ಇರುವವರು ಬಹಳ ಮಂದಿ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ 'ಸಿ', 'ಡಿ' ಎರಡೂ ಒಂದೇ ಡಿಸ್ಕ್‌ನ ಎರಡು ಭಾಗ. ಪೂರ್ತಿ ಅಳಿಸಿದರೆ ಎರಡೂ ಹೋಗತ್ತೆ. ಬ್ಯಾಕಪ್ ಹೊರಗಿನ ಹಾರ್ಡ್ ಡಿಸ್ಕ್‌ನಲ್ಲೋ ಕ್ಲೌಡ್‌ನಲ್ಲೋ ಇರಬೇಕು. ಕಾಪಿ ಆದ ಮೇಲೆ ಬೇರೆ ಕಂಪ್ಯೂಟರ್‌ನಲ್ಲಿ ನಾಲ್ಕು ಫೈಲ್ ತೆರೆದು ನೋಡಿ.

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಬಿಟ್ಟು ಮರೆತುಹೋಗುವ ಜಾಗಗಳೂ ಇವೆ: ಟ್ಯಾಲಿ ಡೇಟಾ ಫೋಲ್ಡರ್, ಔಟ್‌ಲುಕ್ ಮೇಲ್ ಫೈಲ್, ಬ್ರೌಸರ್‌ನಲ್ಲಿ ಸೇವ್ ಆದ ಪಾಸ್‌ವರ್ಡ್. ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಬರೆದ ಕಡತಗಳಿದ್ದರೆ ಆ ಫಾಂಟ್‌ಗಳನ್ನೂ ಕಾಪಿ ಮಾಡಿಕೊಳ್ಳಿ. ಇಲ್ಲದಿದ್ದರೆ ಅಕ್ಷರದ ಬದಲು ಅರ್ಥವಾಗದ ಚಿಹ್ನೆಗಳು ಕಾಣುತ್ತವೆ.

ಪೆನ್‌ಡ್ರೈವ್ ತಯಾರಿ

ಕನಿಷ್ಠ 8 ಜಿಬಿಯ ಖಾಲಿ ಪೆನ್‌ಡ್ರೈವ್ ಬೇಕು. ಮೈಕ್ರೋಸಾಫ್ಟ್ ವೆಬ್‌ಸೈಟ್‌ನಲ್ಲಿ ಉಚಿತವಾಗಿ ಸಿಗುವ ಮೀಡಿಯಾ ಕ್ರಿಯೇಷನ್ ಟೂಲ್ ಅದರಲ್ಲಿ ವಿಂಡೋಸ್ ತುಂಬಿಸತ್ತೆ. ಯಾರೋ ಕೊಟ್ಟ 'ಕ್ರ್ಯಾಕ್' ಕಾಪಿ ಬೇಡ, ಬ್ಯಾಂಕ್ ಪಾಸ್‌ವರ್ಡ್ ಕದಿಯುವ ಸಾಫ್ಟ್‌ವೇರ್ ಅದರೊಳಗೇ ಇರಬಹುದು. ಮೊದಲೇ ಅಸಲಿ ವಿಂಡೋಸ್ ಇದ್ದ ಮಷೀನ್‌ಗೆ ಅದೇ ಎಡಿಷನ್ ಹಾಕಿದರೆ ಹೊಸ ಕೀ ಕೊಳ್ಳಬೇಕಿಲ್ಲ. ಲೈಸೆನ್ಸ್ ಹಾರ್ಡ್‌ವೇರ್‌ಗೆ ಸೇರಿಕೊಂಡಿರುತ್ತದೆ, ಇಂಟರ್ನೆಟ್ ಸಿಕ್ಕ ಕೂಡಲೇ ಆಕ್ಟಿವೇಟ್ ಆಗತ್ತೆ.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್, ಟಿಪಿಎಂ 2.0 ಚಿಪ್ ಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ಜನರೇಷನ್ ಅಥವಾ ಅದರ ನಂತರದ್ದು. ಹಳೆ ಮಾಡೆಲ್ ಕೊಳ್ಳುವ ಮುನ್ನ ಇದನ್ನು ನೋಡಿಕೊಳ್ಳಿ.

ವೈಫೈ ಡ್ರೈವರ್ ಅನ್ನು ಲ್ಯಾಪ್‌ಟಾಪ್ ಕಂಪನಿಯ ಸೈಟ್‌ನಿಂದ ಮೊದಲೇ ಇಳಿಸಿ ಅದೇ ಪೆನ್‌ಡ್ರೈವ್‌ನಲ್ಲಿಡಿ. ವಿಂಡೋಸ್ 11 ಸೆಟಪ್ ಮಧ್ಯದಲ್ಲಿ ಇಂಟರ್ನೆಟ್ ಕೇಳುತ್ತದೆ.

ಇನ್‌ಸ್ಟಾಲ್

1. ಬ್ಯಾಕಪ್ ಡಿಸ್ಕ್ ಕಳಚಿಡಿ, ಕೈತಪ್ಪಿ ಅದೇ ಅಳಿಸಿಹೋದರೆ ಕಷ್ಟ. ಚಾರ್ಜರ್ ಹಾಕಿರಲಿ.
2. ಪೆನ್‌ಡ್ರೈವ್ ಹಾಕಿ ಆನ್ ಮಾಡುವಾಗ ಬೂಟ್ ಕೀ ಒತ್ತಿ. ಡೆಲ್, ಲೆನೊವೊದಲ್ಲಿ ಹೆಚ್ಚಾಗಿ ಎಫ್12, ಎಚ್‌ಪಿಯಲ್ಲಿ ಎಫ್9.
3. ಕೀ ಕೇಳಿದಾಗ 'ಪ್ರಾಡಕ್ಟ್ ಕೀ ಇಲ್ಲ' ಎಂಬುದನ್ನು ಆರಿಸಿ, ಹಳೆಯ ಎಡಿಷನ್ನೇ ಆಯ್ಕೆ ಮಾಡಿ.
4. ಡಿಸ್ಕ್ ಪಟ್ಟಿಯಲ್ಲಿ ಲ್ಯಾಪ್‌ಟಾಪ್ ಡಿಸ್ಕ್‌ನ ಎಲ್ಲ ಪಾರ್ಟಿಷನ್ ಡಿಲೀಟ್ ಮಾಡಿ, ಉಳಿದ ಖಾಲಿ ಜಾಗ ಆರಿಸಿ ಮುಂದುವರಿಯಿರಿ.

ಮುಗಿದ ಮೇಲೆ ವಿಂಡೋಸ್ ಅಪ್‌ಡೇಟ್ ಓಡಿಸಿ. ಸೆಟ್ಟಿಂಗ್ಸ್‌ನ ಭಾಷೆ ವಿಭಾಗದಲ್ಲಿ ಕನ್ನಡ ಸೇರಿಸಿದರೆ ಫೋನೆಟಿಕ್ ಕೀಬೋರ್ಡ್ ಕೂಡ ಸಿಗತ್ತೆ.

ಮಾರುವವರಿಗೆ, ಕೊಳ್ಳುವವರಿಗೆ

ಫೈಲ್ ಡಿಲೀಟ್ ಮಾಡಿ ರಿಸೈಕಲ್ ಬಿನ್ ಖಾಲಿ ಮಾಡಿದರೆ ಸಾಲದು. ಹಳೆ ಹಾರ್ಡ್ ಡಿಸ್ಕ್‌ನಿಂದ ಅವನ್ನು ರಿಕವರಿ ಸಾಫ್ಟ್‌ವೇರ್ ಮತ್ತೆ ಹೊರತೆಗೆಯಬಲ್ಲದು. ಬೇಗ ಮುಗಿಯುವ 'ಕ್ವಿಕ್ ಫಾರ್ಮ್ಯಾಟ್' ಕಥೆಯೂ ಅದೇ. ಮಾರುವ ಮುನ್ನ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿಗೆ ಹೋಗಿ 'ರಿಸೆಟ್ ಪಿಸಿ'ಯಲ್ಲಿ ಎಲ್ಲವನ್ನೂ ತೆಗೆಯುವ ಆಯ್ಕೆಯ ಜೊತೆಗೆ 'ಕ್ಲೀನ್ ಡೇಟಾ' ಆನ್ ಮಾಡಿ. ಗಂಟೆಗಟ್ಟಲೆ ಹಿಡಿಯಬಹುದು, ಆದರೂ ಪಾಸ್‌ಪೋರ್ಟ್ ಕಾಪಿ ಅಪರಿಚಿತರ ಕೈಗೆ ಹೋಗುವುದಕ್ಕಿಂತ ಅದು ವಾಸಿ.

ಕೊಳ್ಳುವವರು ಹಣ ಕೊಡುವ ಮೊದಲೇ ಹೊಸ ವಿಂಡೋಸ್ ಹಾಕಿಸಿ, ಇಂಟರ್ನೆಟ್‌ಗೆ ಜೋಡಿಸಿ ನೋಡಬೇಕು. ಆಗ ಯಾವುದೋ ಕಂಪನಿಯ ಲಾಗಿನ್ ಕೇಳಿದರೆ ಆ ಮಷೀನ್ ಇನ್ನೂ ಆ ಕಂಪನಿಯ ಹೆಸರಲ್ಲೇ ಇದೆ ಎಂದರ್ಥ. ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಅದು ಹೋಗಲ್ಲ. ಹಾಗೆಯೇ ಕೆಲಸದ ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಅನ್ನು ಐಟಿ ವಿಭಾಗ ಕೇಳದೆ ಯಾರೂ ಅಳಿಸಬಾರದು.