ನೀರಾ ಸಂಗ್ರಹಣಾ ಪಾತ್ರೆಗಳ ಶುಚೀಕರಣ ಮತ್ತು ಮರುಬಳಕೆ

ತೆಂಗಿನ ಮರಗಳಿಂದ ನೀರಾ ಇಳಿಸಲು ಪರವಾನಗಿ ಕೋರುವ ಅರ್ಜಿದಾರರ ಹಾಗೂ ಈಗಾಗಲೇ ಪರವಾನಗಿ ಹೊಂದಿರುವವರ ಮಾಹಿತಿಗಾಗಿ ಈ ಕೆಳಕಂಡ ಅಂಶಗಳನ್ನು ನೀಡಲಾಗಿದೆ.

1. ಶುಚಿತ್ವದ ಅವಶ್ಯಕತೆ

ತೆಂಗಿನ ಅರಳದ ಹೊಂಬಾಳೆಯಿಂದ ಒಸರುವ ತಾಜಾ ರಸವೇ ನೀರಾ. ಇದು ಸಿಹಿಯಾಗಿದ್ದು, ಮದ್ಯಸಾರರಹಿತವಾಗಿರುತ್ತದೆ. ಯೀಸ್ಟ್ ಹಾಗೂ ಬ್ಯಾಕ್ಟೀರಿಯಾಗಳು ಸೇರಿದಲ್ಲಿ ರಸವು ಹುದುಗಿ, ಕೆಲವೇ ಗಂಟೆಗಳಲ್ಲಿ ಸೇಂದಿಯಾಗುತ್ತದೆ. ಹಿಂದಿನ ಬಾರಿಯ ರಸದ ಶೇಷವಿರುವ ಪಾತ್ರೆಯು ಹೊಸ ರಸಕ್ಕೆ ಹೆಪ್ಪು ಹಾಕಿದಂತೆ ವರ್ತಿಸುತ್ತದೆ. ಆದುದರಿಂದ ಪ್ರತಿ ಬಾರಿ ಇಳಿಸಿದ ನಂತರವೂ ಪಾತ್ರೆಯನ್ನು ಶುಚಿಗೊಳಿಸತಕ್ಕದ್ದು.

2. ಪಾತ್ರೆಯ ಆಯ್ಕೆ

ಮಣ್ಣಿನ ಗಡಿಗೆಯ ಸೂಕ್ಷ್ಮ ರಂಧ್ರಗಳಲ್ಲಿ ಯೀಸ್ಟ್ ಉಳಿಯುವುದರಿಂದ, ಸ್ಟೀಲ್ ಅಥವಾ ಆಹಾರ ದರ್ಜೆಯ ಪ್ಲಾಸ್ಟಿಕ್ ಪಾತ್ರೆ ಸೂಕ್ತ. ಅಲ್ಯೂಮಿನಿಯಂ ಲೋಹವು ಸುಣ್ಣ ಮತ್ತು ಸೋಡಾದಿಂದ ಸವೆಯುವುದರಿಂದ ಅದನ್ನು ಬಳಸಬಾರದು. ಒಂದು ಜೊತೆ ಪಾತ್ರೆ ಮರದಲ್ಲಿರುವಾಗ ಮತ್ತೊಂದು ಜೊತೆ ಒಣಗುವಂತೆ ಎರಡು ಜೊತೆಗಳನ್ನು ಹೊಂದಿರುವುದು ಅನುಕೂಲಕರ.

3. ಶುಚೀಕರಣದ ವಿಧಾನ

ಅ) ನೀರಾ ಬಸಿದ ಕೂಡಲೇ, ಶೇಷವು ಒಣಗುವ ಮೊದಲೇ, ತಣ್ಣೀರಿನಿಂದ ಜಾಲಿಸುವುದು.
ಆ) ಬಿಸಿನೀರು ಹಾಗೂ ವಾಷಿಂಗ್ ಸೋಡಾ ಬಳಸಿ, ಕಂಠ ಮತ್ತು ತಳವನ್ನು ಬ್ರಷ್‌ನಿಂದ ಉಜ್ಜುವುದು. ಒಳಮೈ ಲೋಳೆಯಾಗಿದ್ದಲ್ಲಿ ಅಥವಾ ಹುಳಿ ವಾಸನೆಯಿದ್ದಲ್ಲಿ ಪುನಃ ಉಜ್ಜುವುದು.
ಇ) ಸೋಡಾ ಹೋಗುವಂತೆ ಶುದ್ಧ ನೀರಿನಿಂದ ತೊಳೆಯುವುದು.
ಈ) ಸ್ಟೀಲ್ ಪಾತ್ರೆಯನ್ನು ಕುದಿಯುವ ನೀರಿನಲ್ಲಿ 10 ನಿಮಿಷ ಇಡುವುದು. ಪ್ಲಾಸ್ಟಿಕ್ ಪಾತ್ರೆಗೆ, 1 ಲೀಟರ್ ನೀರಿಗೆ ಶೇಕಡ 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ 4 ಮಿ.ಲೀ. ಬೆರೆಸಿ, 10 ನಿಮಿಷದ ನಂತರ ಕುಡಿಯುವ ನೀರಿನಿಂದ ತೊಳೆಯುವುದು.
ಉ) ಬಟ್ಟೆಯಿಂದ ಒರೆಸದೆ, ಶುಚಿಯಾದ ಜಾಲರಿಯ ಮೇಲೆ ಬೋರಲು ಹಾಕಿ ಒಣಗಿಸುವುದು.

4. ಸುಣ್ಣ ಲೇಪನ

ಹುದುಗುವಿಕೆಯನ್ನು ತಡೆಯಲು ಪಾತ್ರೆಯ ಒಳಮೈಗೆ ಸುಣ್ಣ ಬಳಿಯುವ ಪದ್ಧತಿಯಿದೆ. ಹಳೆಯ ಲೇಪನವು ಗಾಳಿಯೊಂದಿಗೆ ಸೇರಿ ಸತ್ವ ಕಳೆದುಕೊಳ್ಳುವುದರಿಂದ ಅದನ್ನು ಪೂರ್ಣವಾಗಿ ಕೆರೆದು, ತೊಳೆದ ನಂತರವೇ ಹೊಸದಾಗಿ ಬಳಿಯತಕ್ಕದ್ದು. ಸುಣ್ಣವು ಶುಚೀಕರಣಕ್ಕೆ ಪರ್ಯಾಯವಲ್ಲ. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯು ರೂಪಿಸಿರುವ, ಮಂಜುಗಡ್ಡೆ ಬಳಸುವ ಶೀತಲ ಪೆಟ್ಟಿಗೆಯಲ್ಲಿ ಸುಣ್ಣವಿಲ್ಲದೆಯೇ ರಸ ಸಂಗ್ರಹಿಸಬಹುದಾಗಿದೆ. ಇದರೊಳಗಿನ ಪಾತ್ರೆಗೂ ಮೇಲ್ಕಂಡ ಶುಚೀಕರಣ ಅನ್ವಯಿಸುತ್ತದೆ.

5. ಎಚ್ಚರಿಕೆ

ಹೈಪೋಕ್ಲೋರೈಟ್ ದ್ರಾವಣದೊಂದಿಗೆ ನಿಂಬೆರಸ, ವಿನೆಗರ್ ಅಥವಾ ಯಾವುದೇ ಆಮ್ಲವನ್ನು ಬೆರೆಸಬಾರದು. ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ನೊರೆ ಬಂದ ಅಥವಾ ಹುಳಿಯಾದ ರಸವನ್ನು ಉತ್ತಮ ನೀರಾದೊಂದಿಗೆ ಸೇರಿಸಬಾರದು. ಒಂದು ಪಾತ್ರೆಯ ದೋಷದಿಂದ ಅಂದಿನ ಇಡೀ ಸಂಗ್ರಹ ನಷ್ಟವಾಗಬಹುದು.

6. ಕಾನೂನು

ಪರವಾನಗಿಯಿಲ್ಲದೆ ಸೇಂದಿ ತಯಾರಿಸುವುದು ಅಥವಾ ಮಾರುವುದು ಕರ್ನಾಟಕ ಅಬಕಾರಿ ಕಾಯ್ದೆ, 1965ರ ಅಡಿಯಲ್ಲಿ ಅಪರಾಧವಾಗಿರುತ್ತದೆ. ನೀರಾ ಎಂದು ಇಳಿಸಿದ ರಸವು ಹುದುಗದಂತೆ ನೋಡಿಕೊಳ್ಳುವುದು ಬೆಳೆಗಾರರ ಆದಾಯದ ದೃಷ್ಟಿಯಿಂದಲೂ, ಕಾನೂನಿನ ದೃಷ್ಟಿಯಿಂದಲೂ ಅವಶ್ಯಕ. ಪರವಾನಗಿಯ ಷರತ್ತುಗಳ ಬಗ್ಗೆ ಹೆಚ್ಚಿನ ಮಾಹಿತಿಗಾಗಿ ಆಯಾ ಜಿಲ್ಲೆಯ ಅಬಕಾರಿ ಉಪ ಆಯುಕ್ತರ ಕಛೇರಿಯನ್ನು ಸಂಪರ್ಕಿಸಬಹುದು.