ನೀರಿನ ಕಿಲೋ, ಒಂಬತ್ತು ಧಾನ್ಯದ ಸೇರು

ಒಂದು ಸೇರು ಅಕ್ಕಿಯ ತೂಕವೆಷ್ಟು? ಉತ್ತರಿಸುವ ಮುನ್ನ, ಅದು ಯಾವ ಸೀಮೆಯ ಸೇರು, ಅಳೆಯುವ ಸೇರೋ ತೂಗುವ ಸೇರೋ ಎಂದು ಕೇಳಬೇಕಾಗುತ್ತದೆ. ಹಳೆಯ ಮೈಸೂರಿನಲ್ಲಿ ಎರಡೂ ಬಳಕೆಯಲ್ಲಿದ್ದವು. ತೂಗುವ ಕಚ್ಚಾ ಸೇರು 24 ರೂಪಾಯಿ ನಾಣ್ಯಗಳ ತೂಕಕ್ಕೆ ಸಮ. ಧಾನ್ಯ ಅಳೆಯುವ ಪಕ್ಕಾ ಸೇರಾದರೋ ಒಂದು ಪಾತ್ರೆ. ಅದರ ಗಾತ್ರವನ್ನು ನಿರ್ಧರಿಸುವುದು ಹೇಗೆ?

ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಕಂಪನಿಯ ಆಜ್ಞೆಯಂತೆ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇದಕ್ಕೆ ಉತ್ತರವನ್ನು ದಾಖಲಿಸಿದ್ದಾನೆ. ಹೆಚ್ಚು ಬಳಕೆಯಲ್ಲಿರುವ ಒಂಬತ್ತು ಧಾನ್ಯಗಳನ್ನು ಸಮನಾಗಿ ಬೆರೆಸಿ, ಆ ಮಿಶ್ರಣವನ್ನು 84 ರೂಪಾಯಿ ತೂಕದಷ್ಟು ತೂಗಿ ತೆಗೆಯಬೇಕು. ಅದು ಹಿಡಿಸುವ ಪಾತ್ರೆಯೇ ಸೇರು.

ಅದೇ ಕಾಲದಲ್ಲಿ ಫ್ರಾನ್ಸ್ ಕೂಡ ಗಾತ್ರವನ್ನೂ ತೂಕವನ್ನೂ ಬೆಸೆಯಲು ಹೊರಟಿತ್ತು. ಅದು ಆರಿಸಿಕೊಂಡದ್ದು ನೀರನ್ನು. 1795ರ ಕಾನೂನು ಒಂದು ಘನ ಸೆಂಟಿಮೀಟರ್ ನೀರಿನ ತೂಕವನ್ನು ಗ್ರಾಂ ಎಂದು ಕರೆಯಿತು. 1799ರಲ್ಲಿ ಪ್ಲಾಟಿನಂ ಕಿಲೋಗ್ರಾಂ ಸಿದ್ಧವಾಯಿತು. ಒಂದು ಲೀಟರ್ ನೀರು ಒಂದು ಕಿಲೋ ತೂಗುವುದು ಆಕಸ್ಮಿಕವಲ್ಲ. ಅಳತೆಯನ್ನು ಹಾಗೆಯೇ ಕಟ್ಟಲಾಗಿತ್ತು.

ಶುದ್ಧ ನೀರು ಎಲ್ಲೆಡೆಯೂ ಒಂದೇ, ಅದು ಗೋಪುರದಂತೆ ಪೇರಿಕೊಳ್ಳುವುದೂ ಇಲ್ಲ. ಧಾನ್ಯ ಹಾಗಲ್ಲ. ಭತ್ತ ಹಗುರ, ರಾಗಿ ಭಾರ. ಒಂದೇ ಸೇರಿನಲ್ಲಿ ಅಳೆದರೂ ತೂಕ ಬೇರೆ. ಒಂಬತ್ತು ಧಾನ್ಯಗಳ ಸರಾಸರಿ ಪಾತ್ರೆಯ ಗಾತ್ರವನ್ನು ನಿಗದಿಪಡಿಸಿತೇ ಹೊರತು ಯಾವ ಒಂದು ಧಾನ್ಯದ ತೂಕವನ್ನೂ ಅಲ್ಲ. ಸೇರಿನ ಬಾಯಿಯ ಮೇಲೆ ಧಾನ್ಯ ಪೇರಿಸಬೇಕೋ, ಕೋಲಿನಿಂದ ಸವರಬೇಕೋ ಎಂಬುದರಲ್ಲಿ ರೈತನ ಲಾಭನಷ್ಟವಿತ್ತು. ಕೊಳ್ಳುವಾಗ ಪೇರಿಸಿ ಅಳೆದು, ಮಾರುವಾಗ ಸವರಿ ಅಳೆದವನಿಗೆ ಬೆಲೆ ಏರಿಸದೆಯೂ ಲಾಭ. ಆದರೂ ಮೈಸೂರಿನ ವಿಧಾನಕ್ಕೆ ಒಂದು ಹಿರಿಮೆಯಿದೆ: ತಕ್ಕಡಿ, ನಾಣ್ಯ, ಕಾಳು ಇದ್ದರೆ ಯಾವ ಹಳ್ಳಿಯಲ್ಲೂ ಸೇರನ್ನು ಪರೀಕ್ಷಿಸಬಹುದಿತ್ತು.

ಗಡಿ ದಾಟಿದರೆ ತೊಡಕು ಇಮ್ಮಡಿಸುತ್ತಿತ್ತು. ಮದ್ರಾಸಿನ ಮಣ 25 ಪೌಂಡು, ಮುಂಬಯಿಯದು 28, ಬಂಗಾಳದ್ದು 82ಕ್ಕೂ ಮಿಗಿಲು. 1956ರ ನವೆಂಬರ್‌ನಲ್ಲಿ ಕನ್ನಡ ಸೀಮೆಗಳು ಒಂದಾದಾಗ, ಇಂಥ ಬೇರೆ ಬೇರೆ ಅಳತೆಗಳೂ ಒಂದೇ ರಾಜ್ಯದೊಳಗೆ ಬಂದವು. ಅದೇ ವರ್ಷದ ಕೊನೆಗೆ ಭಾರತದ ಮೆಟ್ರಿಕ್ ಕಾನೂನು ಬಂತು. 1958ರ ಅಕ್ಟೋಬರ್‌ನಿಂದ ಕಿಲೋ ಹಂತಹಂತವಾಗಿ ಮಾರುಕಟ್ಟೆಗೆ ಇಳಿಯಿತು. ಧಾನ್ಯವನ್ನು ತೂಗಿಯೇ ಮಾರುವುದು ರೂಢಿಯಾದಂತೆ, ಪೇರಿಸುವ ಸವರುವ ಜಗಳವೂ ಹಿಂದೆ ಸರಿಯಿತು.

ಅಡುಗೆಮನೆ ಮಾತ್ರ ಇನ್ನೂ ಅಳೆಯುತ್ತಿದೆ. ಮುಂಬಯಿಯ ಅಂಗಡಿಯಲ್ಲಿ ‘ಪಾವ್’ ಎಂದರೆ 250 ಗ್ರಾಂ ತೂಕ. ಮೈಸೂರಿನ ಮನೆಯಲ್ಲಿ ಪಾವು ಎಂದರೆ ಕಾಲು ಸೇರಿನ ಪಾತ್ರೆ. ಲೀಟರ್ ಪಾತ್ರೆಯಲ್ಲಿ ನೀರು ಒಂದು ಕಿಲೋ ತೂಗಿದರೆ, ಅಕ್ಕಿ ಸುಮಾರು 800 ಗ್ರಾಂ, ಮೈದಾ ಅರ್ಧ ಕಿಲೋಗಿಂತ ತುಸು ಹೆಚ್ಚು. ತವರಿನಿಂದ ಬಂದ ಅಡುಗೆಯ ಲೆಕ್ಕವನ್ನು ಗ್ರಾಂಗೆ ಇಳಿಸುವವರು, ಪಾವಿನೊಳಗೆ ಇರುವುದು ಏನೆಂದು ಮೊದಲು ಕೇಳಿಕೊಳ್ಳಬೇಕು.